ಹಿಂದಿನ ಬೆಂಚಿನ ಪೆನ್ಸಿಲುಗಳು

ನನ್ನ ಜೊತೆ ಓದಿದವರ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಮಾಡುವ ಕೆಲಸ ಅದರಲ್ಲೊಂದು ತಪ್ಪು ಹುಡುಕುವುದು. ಒಬ್ಬಳು ಧಾರವಾಡದ ಕಡೆ ಹೆಣ್ಣುಮಕ್ಕಳ ಶಾಲೆಗೆ ಮುಖ್ಯಾಧ್ಯಾಪಕಿಯಾದಳೆಂದು ಕೇಳಿದಾಗ, ಅವಳ ಅಕ್ಷರ ಕೋಳಿ ಕೆದರಿದ ಹಾಗಿತ್ತಲ್ಲ ಅಂದೆ. ಇನ್ನೊಬ್ಬಳು ಮುಂಬಯಿಗೆ ಹೋಗಿ ನರ್ಸಿನ ಕೆಲಸ ಕಲಿತು, ದೊಡ್ಡ ದವಾಖಾನೆಯೊಂದರಲ್ಲಿ ಉಳಿದ ನರ್ಸುಗಳ ಮೇಲೆ ಅಧಿಕಾರ ಮಾಡುವಷ್ಟು ಬೆಳೆದಳಂತೆ. ಅವಳಿಗೆ ಭಾಗಾಕಾರ ಬರುತ್ತಿರಲಿಲ್ಲ ಎಂಬುದೇ ನನಗೆ ಮೊದಲು ನೆನಪಾದದ್ದು. ಮೂರನೆಯವಳ ಫೋಟೋ ಪತ್ರಿಕೆಯಲ್ಲಿ ಬಂದ ದಿನ ಅವಳ ಸೀರೆಯ ನಿರಿಗೆ ಓರೆಯಾಗಿದ್ದದ್ದು ಕಣ್ಣಿಗೆ ಬಿತ್ತು. ಈ ಕಣ್ಣು ನನಗೆ ಹುಟ್ಟಿನಿಂದ ಬಂತೋ ಕಾಲೇಜಿನಲ್ಲಿ ಬಂತೋ ಹೇಳಲಾರೆ. ಅದರಿಂದ ಅವರಿಗೆ ಯಾರಿಗೂ ಕೆಡುಕಾಗಲಿಲ್ಲ. ಆದದ್ದು ನನಗೊಬ್ಬಳಿಗೆ.

ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅವರು ದುಡಿದು ಗಳಿಸಿಕೊಂಡ ಹೆಸರನ್ನು ನನ್ನ ಗೋಳಿನೊಳಗೆ ಎಳೆದು ತರುವುದು ಚೆಂದವಲ್ಲ. ನನ್ನದಂತೂ ಬರೆದರೂ ಯಾರಿಗೂ ಗುರುತು ಹತ್ತುವಂಥದ್ದಲ್ಲ.

ಇಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ವಾಡೆಯೊಳಗೆ ಹೆಣ್ಣುಮಕ್ಕಳನ್ನು ಶಿಕ್ಷಕಿಯರನ್ನಾಗಿ ತಯಾರು ಮಾಡುವ ಟ್ರೇನಿಂಗ್ ಕಾಲೇಜು. ಮಾಳಿಗೆಯ ಮೇಲೆ ನಮ್ಮ ವರ್ಗ, ಕೆಳಗೆ ಸಣ್ಣ ಹುಡುಗಿಯರ ಶಾಲೆ, ಹಿತ್ತಲ ಕಡೆಗೆ ನಮ್ಮ ವಸತಿ. ಬೆಳಗಾದರೆ ಪೇಟೆಗೆ ಬೆಲ್ಲದ ಬಂಡಿಗಳು ಬರುತ್ತಿದ್ದವು. ಎತ್ತುಗಳ ಗಂಟೆಯ ಸದ್ದಿಗೇ ನಾವು ಏಳುತ್ತಿದ್ದೆವು. ಇದ್ದವರು ಹನ್ನೊಂದು ಜನ. ಗಂಡ ತೀರಿಕೊಂಡವರು, ಗಂಡ ಬಿಟ್ಟವರು, ಮದುವೆಯೇ ಆಗದವರು. ಗಂಡ, ಅತ್ತೆ, ಮಾವ ಎಲ್ಲರೂ ಇದ್ದು ಬಂದವಳು ನಾನೊಬ್ಬಳೇ.

ಅದಕ್ಕೆ ಕಾರಣ ನನ್ನ ಮಾವ. ಖಾನಾಪುರದಲ್ಲಿ ಮಾಸ್ತರರಾಗಿದ್ದು ಪೆನ್ಶನ್ ಪಡೆದವರು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿ; ಎರಡರಲ್ಲೂ ಅವರು ಸಿಟ್ಟು ಮಾಡಿದ್ದನ್ನು ನಾನು ಕೇಳಿಲ್ಲ. ಊರಿನ ಹುಡುಗಿಯರಿಗೆ ತಮ್ಮ ಸೊಸೆಯೇ ಪಾಠ ಹೇಳಬೇಕು ಎಂಬುದು ಅವರ ಒಂದೇ ಹಟ. ಅತ್ತೆ ಎಂಟು ದಿನ ಮಾತು ಬಿಟ್ಟರು. ಗಂಡ ಜಂಗಲ್ ಖಾತೆಯಲ್ಲಿ ಕಾರಕೂನರು, ತಿಂಗಳಲ್ಲಿ ಇಪ್ಪತ್ತು ದಿನ ಲೋಂಡಾದ ಆಚೆ ಕಟ್ಟಿಗೆಯ ಡಿಪೋಗಳಲ್ಲೇ ಇರುತ್ತಿದ್ದರು. ಅಪ್ಪ ಹೇಳಿದ್ದಕ್ಕೆ ಹೂಂ ಅಂದರು. ಮಾವನೇ ನನ್ನ ಹಾಸಿಗೆ ಸುತ್ತಿ, ರೈಲಿನಲ್ಲಿ ಕರೆದುಕೊಂಡು ಬಂದು, ಕಾಲೇಜಿನ ಬಾಗಿಲಲ್ಲಿ ಬಿಟ್ಟು ಹೋದರು. ಹೋಗುವಾಗ ಹಿಂತಿರುಗಿ ಎರಡು ಸಲ ನೋಡಿದರು.

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಶನಿವಾರ ನಮ್ಮಲ್ಲೊಬ್ಬಳು ಕೆಳಗಿನ ಶಾಲೆಗೆ ಹೋಗಿ, ಖಡು, ಅಂದರೆ ಸೀಮೆಸುಣ್ಣ, ಹಿಡಿದು ಹಲಗೆಯ ಮುಂದೆ ನಿಂತು, ಸಣ್ಣ ಹುಡುಗಿಯರಿಗೆ ಪಾಠ ಮಾಡಬೇಕು. ಉಳಿದ ಹತ್ತು ಜನ ಹಿಂದಿನ ಬೆಂಚಿನಲ್ಲಿ ಕೂತು ಅವಳ ತಪ್ಪುಗಳನ್ನು ಬರೆಯಬೇಕು. ಅದಕ್ಕೆ ಟೀಕಾ ಪಾಠ ಎಂದು ಹೆಸರು, ಬರೆಯುವ ಪುಸ್ತಕಕ್ಕೆ ಟೀಕಾ ವಹಿ. ಪಾಠ ಮುಗಿದ ಮೇಲೆ ದೊಡ್ಡ ಬಾಯಾರು, ಅಂದರೆ ಕಾಲೇಜಿನ ಮುಖ್ಯಸ್ಥೆ, ಒಬ್ಬೊಬ್ಬಳ ವಹಿಯನ್ನೂ ಎಲ್ಲರೆದುರು ಓದಿಸುತ್ತಿದ್ದರು.

ನನ್ನ ವಹಿಗೆ ಎಲ್ಲರೂ ಕಾಯುತ್ತಿದ್ದರು. ಹುಡುಗಿಯರಿಗೆ ಬೆನ್ನು ಹಾಕಿದ್ದು, ಒಂದೇ ಹುಡುಗಿಯನ್ನು ಮೂರು ಸಲ ಕೇಳಿದ್ದು, ಸೆರಗು ಸರಿಮಾಡಿಕೊಂಡದ್ದು ಎಷ್ಟು ಸಲ ಎಂಬುದು, ಯಾವುದೂ ನನ್ನಿಂದ ತಪ್ಪುತ್ತಿರಲಿಲ್ಲ. ದೊಡ್ಡ ಬಾಯಾರೇ ಒಮ್ಮೆ, ಇವಳ ಕೈಗೆ ಸಿಕ್ಕರೆ ದೇವರೂ ನಾಪಾಸು ಎಂದು ನಕ್ಕಿದ್ದರು. ನನಗೆ ಅದು ದೊಡ್ಡ ಬಿರುದಿನಂತೆ ಕಂಡಿತು.

ಆದರೆ ಪಾಠ ಮಾಡಲು ನಾನು ನಿಂತದ್ದು ಒಂದೇ ಸಲ. ಮೊದಲ ತಿಂಗಳು, ವಿಷಯ ನದಿ. ಮಲಪ್ರಭೆಯ ದಂಡೆಯ ಊರಿನವಳು, ನನಗೇನು ಕಷ್ಟ ಅಂದುಕೊಂಡಿದ್ದೆ. ಅರ್ಧ ಪಾಠ ಚೆನ್ನಾಗಿಯೇ ಹೋಯಿತು. ಆಗ ಮುಂದಿನ ಸಾಲಿನ ಒಂದು ಕೂಸು ಎದ್ದು ನಿಂತು, ಹೊಳೆ ಮಲಗುವುದಿಲ್ಲವೇನ್ರಿ ಎಂದು ಕೇಳಿತು. ಹುಡುಗಿಯರೆಲ್ಲ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಬಾಯಿ ತೆರೆದು ನಿಂತೆ. ಆ ಮೌನದಲ್ಲಿ ಹಿಂದಿನ ಬೆಂಚಿನಿಂದ ಹತ್ತು ಪೆನ್ಸಿಲುಗಳು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. ಅವರು ಬರೆದದ್ದು ದೊಡ್ಡದೇನೂ ಅಲ್ಲ, ನಾನು ಅವರಿಗೆ ಬರೆಯುತ್ತಿದ್ದುದರ ಅರ್ಧ ಖಾರವೂ ಅದರಲ್ಲಿರಲಿಲ್ಲ. ಆದರೆ ಆ ಸದ್ದು ನನ್ನ ಕಿವಿಯಿಂದ ಹೋಗಲೇ ಇಲ್ಲ.

ಮುಂದಿನ ಸರದಿ ಬಂದಾಗ ನನಗೊಂದು ದಾರಿ ಸಿಕ್ಕಿತು. ನಮ್ಮಂಥ ಮನೆಗಳಲ್ಲಿ ಹೆಂಗಸರು ತಿಂಗಳ ಮೂರು ದಿನ ಹೊರಗೆ ಕೂಡಬೇಕು. ಯಾರನ್ನೂ ಮುಟ್ಟುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ. ನಾಲ್ಕನೇ ದಿನ ತಲೆಯ ಮೇಲೆ ನೀರು ಹಾಕಿಕೊಂಡು ಮತ್ತೆ ಒಳಗೆ. ಅಂಥವರಿಗಾಗಿ ವಸತಿಯಲ್ಲೂ ಹಿತ್ತಲಿಗೆ ತಾಗಿದ ಒಂದು ಕೋಣೆ ಇತ್ತು. ಶುಕ್ರವಾರ ಸಂಜೆ ನಾನು ಹೊರಗಾಗೇನಿ ಎಂದು ಹೇಳಿ ಚಾಪೆ ತೆಗೆದುಕೊಂಡು ಆ ಕೋಣೆಗೆ ಹೋಗಿಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ಆ ಮಾತಿಗೆ ಎದುರು ಪ್ರಶ್ನೆ ಹಾಕುವ ಪದ್ಧತಿಯೇ ಇರಲಿಲ್ಲ. ಸುಳ್ಳು ಇಷ್ಟು ಸಲೀಸಾಗಿ ನಡೆಯುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

ನನ್ನ ಬದಲು ಪಾಠ ಮಾಡಿದವಳು ಲೋಂಡಾದ ಹುಡುಗಿ. ಅವಳ ಅಪ್ಪ ಅಲ್ಲಿಯ ಜಂಕ್ಷನ್ನಿನಲ್ಲಿ ಸಿಗ್ನಲ್ಲಿನ ದೀಪ ಹಚ್ಚುವ ಕೆಲಸದಲ್ಲಿದ್ದ. ಲಿಂಗಾಯತರು, ಅವರಲ್ಲಿ ಈ ಹೊರಗೆ ಕೂಡುವುದು ಇರಲಿಲ್ಲ. ಅವಳು ಯಾವ ದಿನವೆಂದರೂ ಸೈ. ಹಾಗಾಗಿ ನನ್ನ ಸರದಿಗಳೆಲ್ಲ ಒಂದೊಂದಾಗಿ ಅವಳ ಪಾಲಿಗೆ ಹೋದವು. ಆಗ ನಾನು ಅವಳ ಬಗ್ಗೆ, ಪಾಪ, ಮಡಿ ಮೈಲಿಗೆ ತಿಳಿಯದವಳು ಎಂದು ಒಳಗೊಳಗೇ ಮೂಗು ಮುರಿದದ್ದುಂಟು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪಾಠ ಮಾಡುವಾಗ ಅವಳಿಗೊಂದು ಚಾಳಿ: ನಡುವೆಯೇ ಖಡು ಕೆಳಗಿಟ್ಟು ಹುಡುಗಿಯರ ಜೊತೆ ನೆಲದ ಮೇಲೆ ಕೂತುಬಿಡುವುದು. ಯಾರಾದರೂ ತಿಳಿಯದ್ದನ್ನು ಕೇಳಿದರೆ, ನನಗೂ ಗೊತ್ತಿಲ್ಲ, ನಾಳೆ ನೀನೇ ನೋಡಿಕೊಂಡು ಬಂದು ಹೇಳು ಎನ್ನುವುದು. ಎರಡನ್ನೂ ನಾನು ವಹಿಯಲ್ಲಿ ಅಡಿಗೆರೆ ಎಳೆದು ಬರೆದಿದ್ದೆ. ಶಿಕ್ಷಕಿ ನೆಲಕ್ಕೆ ಕೂತದ್ದರಿಂದ ಶಿಸ್ತು ಹೋಯಿತು. ಶಿಕ್ಷಕಿಗೆ ಉತ್ತರ ಗೊತ್ತಿರಲಿಲ್ಲ. ಅವಳು ಶನಿವಾರ ಸಂಜೆ ನಾನಿದ್ದ ಹಿತ್ತಲ ಕೋಣೆಗೇ ಬಂದು, ನನ್ನ ಚಾಪೆಯ ತುದಿಗೆ ಕೂತು, ಹಳೆಯ ಪಾಠಗಳಿಗೆ ನಾನು ಬರೆದ ಟೀಕೆಗಳನ್ನು ತನ್ನ ವಹಿಗೆ ಇಳಿಸಿಕೊಳ್ಳುತ್ತಿದ್ದಳು. ನನ್ನ ಬೈಗುಳವನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಇನ್ನೊಬ್ಬರಿಲ್ಲ. ಎಲ್ಲ ತಿದ್ದಿಕೊಂಡಳು, ಆ ಎರಡನ್ನು ಬಿಟ್ಟು.

ಅಡಿಗೆಯ ಅಜ್ಜಿಗೆ ಮಾತ್ರ ನನ್ನ ಆಟ ಗೊತ್ತಾಯಿತು. ಕೋಣೆಯ ಹೊಸ್ತಿಲ ಆಚೆಯಿಂದ ಎಲೆಗೆ ಅನ್ನ ಹಾಕುವವಳು ಅವಳೇ. ಒಂದು ದಿನ ಸಾರು ಬಡಿಸುತ್ತ, "ನಿನ್ನ ತಿಂಗಳು ಭಾಳ ಸಣ್ಣದ ನೋಡವಾ, ಹದಿನೈದು ದಿವಸಕ್ಕs ಮುಗೀತದ" ಅಂದಳು.

ಎರಡನೇ ವರ್ಷದ ಕೊನೆಗೆ ನಿಜವಾದ ಪರೀಕ್ಷೆ. ಇನ್‌ಸ್ಪೆಕ್ಟ್ರೆಸ್ ಬಾಯಾರು ಒಂದೇ ದಿನ ಬಂದು ಎಲ್ಲರ ಪಾಠ ನೋಡಿ ಹೋಗುವವರು. ಬರವಣಿಗೆಯ ಪರೀಕ್ಷೆಯಲ್ಲಿ ನಾನೇ ಮೊದಲಿನವಳು. ಈ ಒಂದು ಪಾಠ ಮಾಡಿದರೆ ಸರ್ಟಿಫಿಕೇಟು ನನ್ನದು, ಖಾನಾಪುರದ ಶಾಲೆ ನನ್ನದು, ಮಾವನ ಆಸೆ ತೀರಿದ ಹಾಗೆ. ಹಿಂದಿನ ದಿನವೆಲ್ಲ ಟಿಪ್ಪಣಿ ಬಾಯಿಪಾಠ ಮಾಡಿದೆ. ಬೆಳಿಗ್ಗೆ ಎತ್ತುಗಳ ಗಂಟೆಗೆ ಮೊದಲೇ ಎದ್ದೆ. ಚಾಪೆ ಎತ್ತಿಕೊಂಡು ಹಿತ್ತಲ ಕೋಣೆಗೆ ಹೋಗಿ ಕೂತೆ.

ಲೋಂಡಾದವಳು ಹುಡುಕಿಕೊಂಡು ಬಂದಳು. ಸೀದಾ ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಏಳ. ನೀರು ಕಾಸಿಟ್ಟು ಬಂದೀನಿ. ತಲಿ ಮ್ಯಾಲ ಹಾಕ್ಕೊಂಡು ಬಾ, ನಾ ಯಾರಿಗೂ ಹೇಳಂಗಿಲ್ಲ."

"ಮುಟ್ಟಬ್ಯಾಡ. ಮೈಲಿಗಿ ಆಗ್ತದ."

"ಖರೇ ಹೇಳು. ಮೈಲಿಗಿ ಐತೋ, ಅಂಜಿಕಿ ಐತೋ?"

ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವಳು ಹೊರಟುಹೋದಳು. ಶಾಲೆಯಲ್ಲಿ ಗಂಟೆ ಬಾರಿಸಿದರು. ಒಬ್ಬೊಬ್ಬಳ ಪಾಠವೂ ಮುಗಿದು ಹುಡುಗಿಯರು ಎದ್ದು ನಮಸ್ಕಾರ ಹೇಳುವ ಸದ್ದನ್ನು ನಾನು ಆ ಕೋಣೆಯಿಂದ ಎಣಿಸಿದೆ. ಹತ್ತಕ್ಕೆ ನಿಂತಿತು.

ಖಾನಾಪುರಕ್ಕೆ ಹೋಗಿ ಏನು ಹೇಳಬೇಕೆಂದು ರೈಲಿನಲ್ಲಿ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಪರೀಕ್ಷೆಯ ದಿನವೇ ಹೊರಗಾದೆ ಎಂದೆ, ಮನೆಯವರೆಲ್ಲ ನಂಬಿದರು. ನನ್ನನ್ನು ಕಳಿಸಲು ಒಪ್ಪದ ಅತ್ತೆಯೇ ನನ್ನ ಪರವಾಗಿ ದೇವರನ್ನು ಬೈದರು. ಮಾವ ನನ್ನನ್ನು ಕರೆದು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದರು. ಅವರು ಒಂದು ಮಾತು ಬೈದಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆನೋ ಏನೋ. ಅಷ್ಟಕ್ಕೇ ಬಿಡಲಿಲ್ಲ, ದೊಡ್ಡ ಬಾಯಾರಿಗೆ ಕಾಗದ ಬರೆದು, ಮುಂದಿನ ವರ್ಷ ಇನ್‌ಸ್ಪೆಕ್ಟ್ರೆಸ್ ಬಂದಾಗ ನನ್ನ ಪಾಠವೊಂದನ್ನು ನೋಡಲು ಒಪ್ಪಿಗೆ ತರಿಸಿದರು. ಆ ವರ್ಷ ಬರುವುದರೊಳಗೆ ನಾನು ಬಸುರಿಯಾದೆ. ಅದು ಖಾತ್ರಿಯಾದ ದಿನ ಮನೆಯವರಿಗೆಲ್ಲ ಸಂತೋಷ. ನನಗೆ ಮಾತ್ರ ಮೊದಲು ಅನಿಸಿದ್ದು ಸದ್ಯ ಪಾರಾದೆ ಎಂದು. ಮಗಳಿಗೆ ಮೂರು ತುಂಬುವ ಮೊದಲೇ ಮಾವ ತೀರಿಕೊಂಡರು. ಮನೆಗೆ ಬಂದವರಿಗೆಲ್ಲ ಅವರು ಕೊನೆಯವರೆಗೂ ಹೇಳಿದ್ದು ಒಂದೇ: ಆ ಮೂರು ದಿನ ಅಡ್ಡ ಬರದಿದ್ದರೆ ನಮ್ಮ ಸೊಸೆ ಇಂದು ಹೆಡ್ ಬಾಯಿ.

ಉಳಿದ ಹತ್ತು ಜನರೂ ಅಷ್ಟರಲ್ಲಿ ಅಲ್ಲಲ್ಲಿ ಕೆಲಸಕ್ಕೆ ಸೇರಿದ್ದರು. ಯಾರಾದರೂ ಬೆಳಗಾವಿಗೆ ಹೋಗಿ ಬಂದರೆ ಒಂದು ಸುದ್ದಿ ತರುತ್ತಿದ್ದರು. ಗಂಡ ಬಿಟ್ಟವಳೊಬ್ಬಳ ಮನೆಗೆ ಈಗ ಗಂಡನೇ ಬಂದು ಬಾಗಿಲಲ್ಲಿ ನಿಂತಿದ್ದನಂತೆ, ಅವಳು ಶಾಲೆಗೆ ಹೊತ್ತಾಯಿತೆಂದು ಬೀಗ ಹಾಕಿಕೊಂಡು ಹೋದಳಂತೆ. ಅದನ್ನು ಕೇಳಿ ನಾನು ನಕ್ಕೆ, ಆಮೇಲೆ ಒಲೆಯ ಮುಂದೆ ಕೂತು ಸುಮ್ಮನೆ ಅತ್ತುಬಿಟ್ಟೆ.

ದಶಕ ಮುಗಿಯುತ್ತ ಬಂದಾಗ ಖಾನಾಪುರದ ಹೆಣ್ಣುಮಕ್ಕಳ ಶಾಲೆಗೆ ಹೊಸ ಹೆಡ್ ಬಾಯಾರು ಬಂದರು. ನನ್ನ ಮಗಳು ಅಲ್ಲೇ ಓದುತ್ತಿದ್ದಳು. ಮೊದಲ ದಿನವೇ ಮನೆಗೆ ಬಂದು, ಹೊಸ ಬಾಯಾರು ನಮ್ಮ ಜೊತೆ ನೆಲದ ಮೇಲೆ ಕೂತರು ಎಂದಳು. ಹೆಸರು ಕೇಳುವ ಮೊದಲೇ ನನಗೆ ಯಾರೆಂದು ಗೊತ್ತಾಯಿತು.

ಆ ವಾರವೇ ಅವಳು ನಮ್ಮ ಮನೆಗೆ ಬಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು. ಅತ್ತೆ ಬರ್ರಿ, ಕೂಡ್ರಿ ಎಂದು ಚಾಪೆ ಹಾಸಿ, ಅವಲಕ್ಕಿ ಕೊಟ್ಟು, ಮಾವ ಹೇಳುತ್ತಿದ್ದ ಕಥೆಯನ್ನೇ ಶುರು ಮಾಡಿದರು. ನನ್ನ ಮಗಳೂ ಪಕ್ಕದಲ್ಲೇ ಬಾಯಿ ತೆರೆದು ಕೇಳುತ್ತಿದ್ದಳು.

"ನೀವs ಹೇಳ್ರಿ ಬಾಯಾರ, ಆ ದಿವಸ ಇಕಿ ಹೊರಗ ಕೂಡದಿದ್ರ ಪಾಸಾಗ್ತಿದ್ಲೋ ಇಲ್ಲೋ?"

ಅವಳು ನನ್ನ ಕಡೆ ನೋಡಲಿಲ್ಲ. "ಹೌದ್ರಿ ಆಯಿ, ನಮ್ಮೆಲ್ಲಾರಕಿಂತ ಮುಂದ ಇರ್ತಿದ್ಲು" ಎಂದು ಅವಲಕ್ಕಿಯ ತಟ್ಟೆಗೆ ಕೈ ಹಾಕಿದಳು. ನನಗಾಗಿ ಅವಳು ಹೇಳಿದ ಆ ಸುಳ್ಳು, ನಾನು ಹೇಳಿದ ಎಲ್ಲ ಸುಳ್ಳಿಗಿಂತ ಹೆಚ್ಚು ಚುಚ್ಚಿತು. ಆಮೇಲೆ ಯೋಚಿಸಿದೆ, ಅದು ಸುಳ್ಳೂ ಅಲ್ಲವೇನೋ.

ಕಳಿಸಲು ಅಂಗಳದವರೆಗೆ ಹೋದಾಗ ವಿಷಯ ಹೇಳಿದಳು. ಶಾಲೆಗೆ ಒಬ್ಬ ಸಹಾಯಕ ಬಾಯಿ ಬೇಕಾಗಿದ್ದಳು. ಸರ್ಟಿಫಿಕೇಟು ಇಲ್ಲದಿದ್ದರೂ ಒಂದು ಪಾಠ ನೋಡಿ ಅವಳು ಶಿಫಾರಸು ಮಾಡಬಹುದು, ಸರ್ಟಿಫಿಕೇಟು ಆಮೇಲೆ ಪಡೆದರಾಯಿತು.

"ಸ್ವಾಮಾರ ಬಾ" ಅಂದಳು. "ಹಿಂದ ನಾ ಒಬ್ಬಾಕಿನs ಕುಂದರ್ತೀನಿ. ಪೆನ್ಸಿಲ್ ತರಂಗಿಲ್ಲ."

ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ನಾನು ಯಾರಿಗೂ ಹೇಳದಿದ್ದ ಆ ಪೆನ್ಸಿಲಿನ ಸದ್ದೂ ಗೊತ್ತಿತ್ತು.

ಸೋಮವಾರ ಬೇಗ ಎದ್ದು ಅಡಿಗೆ ಮುಗಿಸಿದೆ. ಮದುವೆಯಲ್ಲಿ ಕೊಟ್ಟ ಹಸಿರು ಸೀರೆ ಉಟ್ಟೆ. ಅತ್ತೆ ಮೊಸರನ್ನ ಹಾಕಿ ಕೊಟ್ಟರು. ಬಾಗಿಲವರೆಗೆ ಬಂದೆ. ಮಗಳು ಪಾಟಿಚೀಲ ಹಾಕಿಕೊಂಡು ಮುಂದೆ ನಿಂತು ನನ್ನ ಕೈ ಹಿಡಿದಳು. ನಾನು ಅದನ್ನು ಬಿಡಿಸಿಕೊಂಡೆ. ಮಗಳಿಗೆ ಹೇಳಿದೆ:

"ನೀ ಹೋಗು. ಬಾಯಾರಿಗೆ ಹೇಳು, ಅವ್ವ ಹೊರಗ ಕೂತಾಳ ಅಂತ."

ಅವಳು ನನ್ನನ್ನೂ ನಾನು ನಿಂತ ಜಾಗವನ್ನೂ ನೋಡಿದಳು. "ನೀ ಈಗs ಅಡಿಗಿ ಮಾಡಿದ್ಯಲ್ಲ ಅವ್ವಾ?"

ಹೋಗು ಎಂದು ಗದರಿಸಿದೆ. ಆಡಿದ ಮೇಲೆ ನಿಭಾಯಿಸಬೇಕಲ್ಲ, ಸೀರೆ ಬಿಚ್ಚಿಟ್ಟು ಹಿತ್ತಲ ಕಟ್ಟೆಯ ಮೇಲೆ ಮೂರು ದಿನ ಕೂತೆ. ಬೆನ್ನು ಬಾಗಿದ ಅತ್ತೆ ನೀರು ಸೇದಿದರು, ರೊಟ್ಟಿ ಸುಟ್ಟರು, ಮತ್ತೆ ಅದೇ ಹಣೆಬರಹವೆಂದು ನನಗಾಗಿ ನಿಟ್ಟುಸಿರು ಬಿಟ್ಟರು. ಮಗಳು ಸಂಜೆ ಬಂದು ದೂರ ನಿಂತು, ನಾಲ್ಕನೇ ದಿನಕ್ಕೆ ಬರಬೇಕಂತೆ, ಬಾಯಾರು ಕಾಯುತ್ತಾರಂತೆ ಎಂದು ಹೇಳಿದಳು. ನಾಲ್ಕನೇ ದಿನ ತಲೆಯ ಮೇಲೆ ನೀರು ಹಾಕಿಕೊಂಡೆ. ಕೂದಲು ಒಣಗಲಿ ಎಂದೆ. ಒಣಗಿದ ಮೇಲೆ ಹೊತ್ತಾಯಿತು ಎಂದೆ. ಮರುದಿನ ಇನ್ನೊಂದು ನೆವ. ಹೀಗೇ ಎರಡು ವಾರ ಹೋದವು.

ಒಂದು ಶನಿವಾರ ಶಾಲೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಎಲ್ಲರೆದುರು ನಿಂತು ಪದ್ಯ ಹೇಳುವುದಿತ್ತು. ಎಂಟು ದಿನದಿಂದ ಮಗಳು ಮನೆ ತುಂಬ ಅದನ್ನೇ ಹೇಳಿಕೊಂಡು ಓಡಾಡಿದ್ದಳು. ಆ ಬೆಳಿಗ್ಗೆ ಅವಳು ಎದ್ದು, ಮುಖ ತೊಳೆಯದೆ, ನನ್ನ ಚಾಪೆಯನ್ನು ಎಳೆದುಕೊಂಡು ಹೋಗಿ ಹಿತ್ತಲ ಕಟ್ಟೆಯ ಮೇಲೆ ಹಾಸಿ ಕೂತಳು. ಏನಿದು ಎಂದು ಕೇಳಿದೆ.

"ನಾ ಸಾಲಿಗೆ ಹೋಗಂಗಿಲ್ಲ. ಬಾಯಾರಿಗೆ ಹೇಳಿ ಕಳಸು, ನಾ ಹೊರಗ ಕೂತೇನಿ ಅಂತ."

ಇನ್ನೂ ಏಳು ತುಂಬದ ಕೂಸು. ಆ ಮಾತಿಗೆ ಬೇರೆ ಅರ್ಥವಿದೆಯೆಂದು ಅವಳಿಗೇನು ಗೊತ್ತು? ಅಂಜಿಕೆಯಾದಾಗ ಹೆಂಗಸರು ಹೀಗೆ ಹೇಳಿ ಚಾಪೆ ಹಾಸಿಕೊಳ್ಳುತ್ತಾರೆ ಎಂದು ನನ್ನನ್ನು ನೋಡಿ ಕಲಿತಿದ್ದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ನಗುನಗುತ್ತ ನನ್ನ ಮುಖ ನೋಡಿದರು, ಆಮೇಲೆ ನಗು ನಿಲ್ಲಿಸಿ ಒಳಗೆ ಹೋದರು. ಅವರಿಗೆ ಅಂದು ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಅವರು ಆ ಕಥೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ.

ನಾನು ಎರಡು ವರ್ಷ ಕಾಲೇಜಿನಲ್ಲಿದ್ದು ಯಾರಿಗೂ ಏನೂ ಕಲಿಸಿರಲಿಲ್ಲ. ಕಲಿಸಿದ್ದು ಇದೊಂದೇ ಪಾಠ, ಕಲಿತದ್ದು ಇವಳೊಬ್ಬಳೇ. ಅವಳನ್ನು ಎತ್ತಿ, ಮುಖ ತೊಳೆದು, ಜಡೆ ಹಾಕಿ, ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು, ನಾನು ಕೈ ಬಿಡಲಿಲ್ಲ.

ಲೋಂಡಾದವಳು ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದಳು. ನಮ್ಮನ್ನು ನೋಡಿ ಕಣ್ಣಿನಲ್ಲೇ ಬಾ ಎಂದಳು. ಮಗಳು ಎಲ್ಲರೆದುರು ಹೋಗಿ ನಿಂತು ಎರಡು ಸಾಲು ಹೇಳಿದಳು. ಮೂರನೆಯದಕ್ಕೆ ನಿಂತುಬಿಟ್ಟಳು. ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಗ ಅವಳು "ಮರ್ತೇನ್ರಿ ಬಾಯಾರ" ಅಂದಳು. ಲೋಂಡಾದವಳು ಹೂಂ ಅಂದಳು. ಮಗಳು ಬಂದು ಗೆಳತಿಯ ಪಕ್ಕ ಕೂತು, ಮುಂದಿನ ಹುಡುಗಿಯ ಪದ್ಯ ಕೇಳತೊಡಗಿದಳು. ಅಷ್ಟೇ. ಏನೂ ಆಗಲಿಲ್ಲ. ಇಷ್ಟಕ್ಕಾಗಿ ನಾನು ಅಷ್ಟೆಲ್ಲವನ್ನೂ ಬಿಟ್ಟುಕೊಟ್ಟಿದ್ದೆ.

ಹಿಂದಿನ ಗೋಡೆಗೆ ಒರಗಿ ಒಬ್ಬ ಹರೆಯದ ಹುಡುಗಿ ನಿಂತಿದ್ದಳು, ಕೈಯಲ್ಲಿ ಹಾಜರಿ ಪುಸ್ತಕ. ಬೆಳಗಾವಿಯಿಂದ ಬಂದ ಹೊಸ ಸಹಾಯಕ ಬಾಯಿ. ಲೋಂಡಾದವಳು ನನ್ನ ಹತ್ತಿರ ಬಂದು, ಗುರುವಾರದವರೆಗೆ ಕಾದೆ, ಮೇಲಿನವರು ಇನ್ನು ತಡೆಯಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಗುರುವಾರ ನಾನು ಏನು ನೆವ ಹೇಳಿದ್ದೆನೆಂದು ನೆನಪು ಮಾಡಿಕೊಂಡೆ. ಹಪ್ಪಳ ಒಣಗಿಸುವುದಿತ್ತು.

ಆಮೇಲೆ ಲೋಂಡಾದವಳು ಮೇಲೇರುತ್ತಲೇ ಹೋದಳು. ಪತ್ರಿಕೆಯಲ್ಲಿ ಬಂದದ್ದು ಅವಳ ಫೋಟೋನೇ, ಇನ್‌ಸ್ಪೆಕ್ಟ್ರೆಸ್ ಆದಾಗ. ನಿರಿಗೆ ಓರೆಯಾಗಿತ್ತು ಎಂದೆನಲ್ಲ, ಅದು ನೆಲದಿಂದ ಎದ್ದು ಬಂದವಳ ನಿರಿಗೆ.